ಆ ಹಳ್ಳಿ ನಿಜಕ್ಕೂ ಹಾಗಿತ್ತಾ? ಒಂದು ಹಳೆಯ ಡಚ್ ಜಲವರ್ಣದ ಬಗ್ಗೆ

ಪ್ರಶ್ನೆ: ಮೇಡಂ, ನಾನು ಮೈಸೂರಿನವಳು. ಕೆಲಸದ ಮೇಲೆ ಎರಡು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ಹೋದ ಚಳಿಗಾಲ ಒಂದು ಮ್ಯೂಸಿಯಂನಲ್ಲಿ ಆಡ್ರಿಯಾನ್ ವಾನ್ ಓಸ್ಟಾಡೆ ಅನ್ನುವ ಕಲಾವಿದನ ಪುಟ್ಟ ಜಲವರ್ಣ ನೋಡಿದೆ. ಹಳ್ಳಿ ಮನೆಯ ಬಾಗಿಲು, ಅದರ ಮೇಲೆ ಹಬ್ಬಿದ ಬಳ್ಳಿ, ಪೈಪ್ ಸೇದುತ್ತ ಕೂತ ಮುದುಕ, ಮಗು ಎತ್ತಿಕೊಂಡ ಹೆಂಗಸು, ಒಂದು ನಾಯಿ. ಅಜ್ಜಿ ಊರಿನ ಜಗಲಿ ನೆನಪಾಯಿತು. ಅಮ್ಮ ಬಂದಾಗ ತೋರಿಸೋಣ ಅಂತ ನಾಲ್ಕು ತಿಂಗಳ ಮೇಲೆ ಹೋದರೆ ಚಿತ್ರವೇ ಇರಲಿಲ್ಲ. ಯಾಕೆ ತೆಗೆದುಬಿಟ್ಟರು? ಆಗಿನ ಡಚ್ ಹಳ್ಳಿ ನಿಜಕ್ಕೂ ಹಾಗಿತ್ತಾ? ಎಲೆಗಳೆಲ್ಲ ಯಾಕೆ ನೀಲಿ? ಜನರ ಮುಖ ಯಾಕೆ ಅಷ್ಟು ವಿಕಾರ? ಇನ್ನೊಂದು ವಿಷಯ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಅದೇ ತರಹದ ಒಂದು ಚಿತ್ರ 40 ಯೂರೋಗೆ ಕೊಂಡಿದ್ದೇನೆ. ಅದು ಅಸಲಿ ಇರಬಹುದಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನೀವಿರುವ ಊರಿಗೂ ಆ ಚಿತ್ರಕ್ಕೂ ಒಂದು ನಂಟಿದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಕಲಾವಿದನ ಅಪ್ಪ ಒಬ್ಬ ನೇಕಾರ. ಅವನು ಐಂಡ್‌ಹೋವನ್ ಪಕ್ಕದ ಓಸ್ಟಾಡೆ ಅನ್ನುವ ಸಣ್ಣ ಹಳ್ಳಿಯ ಕಡೆಯವನು. ಅಲ್ಲಿಂದ ಹಾರ್ಲೆಮ್ ಪಟ್ಟಣಕ್ಕೆ ಹೋಗಿ ನೆಲೆಸಿದ. ಮಗ ಅಲ್ಲೇ 1610ರಲ್ಲಿ ಹುಟ್ಟಿದ. ಬೆಳೆದು ಚಿತ್ರಕಾರನಾದಾಗ ಅಪ್ಪನ ಹಳ್ಳಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ನಮ್ಮಲ್ಲಿ ಹೆಸರಿನ ಮುಂದೆ ಊರು ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಆದರೆ ಅವನು ಬದುಕಿದ್ದು ಪೂರ್ತಿ ಪಟ್ಟಣದಲ್ಲಿ. 1685ರಲ್ಲಿ ಹಾರ್ಲೆಮ್‌ನಲ್ಲೇ ತೀರಿಕೊಂಡ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಸುಲಭದ ಪ್ರಶ್ನೆ. ಚಿತ್ರವನ್ನು ಯಾಕೆ ತೆಗೆದರು?

ಬೆಳಕಿನಿಂದ ಕಾಪಾಡುವುದಕ್ಕೆ. ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ಶತ್ರು. ಎಣ್ಣೆ ಬಣ್ಣದ ಚಿತ್ರದಲ್ಲಿ ಬಣ್ಣ ದಪ್ಪಗಿರುತ್ತದೆ, ಮೇಲೆ ವಾರ್ನಿಶ್ ಇರುತ್ತದೆ. ಜಲವರ್ಣದಲ್ಲಿ ಬಣ್ಣದ ಪುಡಿ, ಸ್ವಲ್ಪ ಗೋಂದು, ನೀರು, ಅಷ್ಟೇ. ನೀರು ಆರಿದ ಮೇಲೆ ಕಾಗದದ ಮೇಲೆ ಉಳಿಯುವುದು ಒಂದು ತೆಳ್ಳನೆಯ ಪೊರೆ. ಅದಕ್ಕೇ ಮ್ಯೂಸಿಯಂಗಳು ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಮಾತ್ರ ಕೊಡುತ್ತವೆ. ಲಕ್ಸ್ ಅಂದರೆ ಬೆಳಕಿನ ಅಳತೆ. ಒಂದು ಆಫೀಸಿನ ಮೇಜಿನ ಮೇಲೆ 500 ಲಕ್ಸ್ ಇರುತ್ತದೆ ಅಂದರೆ ಅಂದಾಜು ಸಿಗುತ್ತದೆ. ಹೀಗೆ ಮೂರು ತಿಂಗಳ ಆಸುಪಾಸು ತೋರಿಸಿ, ಆಮೇಲೆ ಕೆಲವು ವರ್ಷ ಕತ್ತಲೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕತ್ತಲಲ್ಲಿಟ್ಟರೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಇನ್ನಷ್ಟು ಹೋಗುವುದು ನಿಧಾನವಾಗುತ್ತದೆ, ಅಷ್ಟೇ ಲಾಭ. ಅಮ್ಮನಿಗೆ ನಿರಾಸೆಯಾಗಿರಬಹುದು. ಆದರೆ ನಿಮ್ಮ ಮೊಮ್ಮಕ್ಕಳು ಅದನ್ನು ನೋಡಬೇಕಾದರೆ ಇದೊಂದೇ ದಾರಿ.

ನೀಲಿ ಎಲೆಯ ಗುಟ್ಟೂ ಇಲ್ಲೇ ಇದೆ. ಓಸ್ಟಾಡೆ ಎಲೆಗೆ ನೀಲಿ ಬಳಿದಿರಲಿಲ್ಲ. ಆ ಕಾಲದಲ್ಲಿ ಎಲೆಯ ಹಸಿರನ್ನು ಸಾಮಾನ್ಯವಾಗಿ ನೀಲಿ ಮತ್ತು ಹಳದಿ ಬೆರೆಸಿ ಮಾಡುತ್ತಿದ್ದರು. ಆ ಹಳದಿ ಎಷ್ಟೋ ಸಲ ಗಿಡದ ಕಾಯಿಯಿಂದಲೋ ಹೂವಿನಿಂದಲೋ ತೆಗೆದ ಬಣ್ಣ. ನೋಡಲು ಚೆಂದ, ಬಾಳಿಕೆ ಕಡಿಮೆ. ಬೆಳಕಿಗೆ ಹಳದಿ ಮೊದಲು ಹಾರಿಹೋಗುತ್ತದೆ, ನೀಲಿ ಹಿಂದೆ ಉಳಿಯುತ್ತದೆ. ಇದು ಬರೀ ಜಲವರ್ಣದ ಕಷ್ಟವಲ್ಲ. ಆ ಶತಮಾನದ ಎಷ್ಟೋ ಡಚ್ ಎಣ್ಣೆ ಚಿತ್ರಗಳಲ್ಲೂ ಮರಗಳು ನೀಲಿಯಾಗಿ ಕೂತಿವೆ.

ನಾನು ಹಳೆಯ ಕಾಗದದ ಚಿತ್ರಗಳನ್ನು ಸರಿಮಾಡುವ ಕೆಲಸದವಳು. ಒಮ್ಮೆ ಒಂದು ಮನೆಯವರು ತಾತನ ಕಾಲದ ಜಲವರ್ಣವೊಂದನ್ನು ತಂದಿದ್ದರು. ಬಹಳ ವರ್ಷ ಕಿಟಕಿಯ ಎದುರಿನ ಗೋಡೆಯಲ್ಲಿತ್ತಂತೆ. ಚಿತ್ರದ ತುಂಬ ನೀಲಿ ಗಿಡಗಳು. ಫ್ರೇಮ್ ಬಿಚ್ಚಿ, ಸುತ್ತಲಿನ ರಟ್ಟನ್ನು ಮೆಲ್ಲಗೆ ಎತ್ತಿದೆ. ರಟ್ಟಿನ ಅಡಿ ಬೆಳಕು ಕಾಣದ ಅರ್ಧ ಬೆರಳಗಲ ಅಂಚು ಉಳಿದುಕೊಂಡಿತ್ತು. ಅಲ್ಲಿ ಅದೇ ಗಿಡದ ಎಲೆ ಹಸಿ ಮಾವಿನಕಾಯಿ ತರಹ ಹಸಿರು. ಆಕಾಶದ ತುದಿಯಲ್ಲಿ ತೆಳು ಗುಲಾಬಿ ಕೂಡ ಇತ್ತು. ಉಳಿದ ಆಕಾಶದಲ್ಲಿ ಅದರ ಸುಳಿವೇ ಇಲ್ಲ. ಅದನ್ನು ತಂದವರು ತುಂಬಾ ಹೊತ್ತು ಮಾತಾಡಲಿಲ್ಲ. ಮ್ಯೂಸಿಯಂನಲ್ಲಿ ಬೆಳಕು ಸಾಲದು ಅಂತ ಯಾರಾದರೂ ಬೇಸರ ಮಾಡಿಕೊಂಡಾಗಲೆಲ್ಲ ನನಗೆ ಆ ಅಂಚು ಕಣ್ಣ ಮುಂದೆ ಬರುತ್ತದೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಹಳ್ಳಿ ನಿಜಕ್ಕೂ ಹಾಗಿತ್ತಾ?

ಚಿತ್ರದ ಸಾಮಾನನ್ನು ನಂಬಿ. ಆ ನೆಮ್ಮದಿಯನ್ನು ಮಾತ್ರ ಹಾಗೇ ನಂಬಬೇಡಿ.

ಯಾಕೆ ಅಂತೀರಾ? ಓಸ್ಟಾಡೆ ಎಣ್ಣೆ ಚಿತ್ರಗಳನ್ನು ಬಾಳಿಡೀ ಬರೆದ. ಆದರೆ ಹೀಗೆ ಪೂರ್ತಿ ಬಣ್ಣ ತುಂಬಿದ, ಎಣ್ಣೆ ಚಿತ್ರದಷ್ಟೇ ಮುಗಿಸಿದ ಜಲವರ್ಣಗಳು ಅವನ ಕೊನೆಗಾಲದವು. ಸುಮಾರು 50 ಇರಬಹುದು. ಇಸವಿ ಬರೆದಿರುವವುಗಳಲ್ಲಿ ಮೊದಲನೆಯವು 1672ರವು. ಈ ಇಸವಿಯನ್ನು ಯಾರಾದರೂ ಡಚ್ಚರ ಹತ್ತಿರ ಹೇಳಿ ನೋಡಿ. ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ರಾಂಪ್‌ಯಾರ್, ಅಂದರೆ ಕೇಡಿನ ವರ್ಷ. ಆ ವರ್ಷ ಫ್ರಾನ್ಸ್, ಇಂಗ್ಲೆಂಡ್, ಜೊತೆಗೆ ಜರ್ಮನಿ ಕಡೆಯ ಮ್ಯೂನ್‌ಸ್ಟರ್ ಮತ್ತು ಕಲೋನಿನ ಧರ್ಮಾಧಿಪತಿಗಳು ಒಟ್ಟಿಗೆ ಮೇಲೆ ಬಿದ್ದರು. ಜನಕ್ಕೆ ಬುದ್ಧಿ ಇಲ್ಲ, ಸರ್ಕಾರಕ್ಕೆ ದಿಕ್ಕು ತೋಚಲಿಲ್ಲ, ನಾಡಿಗೆ ಉಳಿಗಾಲವಿಲ್ಲ ಅಂತ ಅರ್ಥ ಬರುವ ಪ್ರಾಸದ ಮಾತೊಂದನ್ನು ಡಚ್ಚರು ಇವತ್ತಿಗೂ ಆ ವರ್ಷದ ಬಗ್ಗೆ ಹೇಳುತ್ತಾರೆ.

ಫ್ರೆಂಚ್ ಸೈನ್ಯವನ್ನು ತಡೆಯಲು ಹಾಲೆಂಡಿನವರು ತಮ್ಮದೇ ಹೊಲಗಳಿಗೆ ನೀರು ಬಿಟ್ಟರು. ಏರಿಗಳನ್ನು ಒಡೆದು, ತೂಬುಗಳನ್ನು ತೆರೆದು, ಮೈಲಿಗಟ್ಟಲೆ ಉದ್ದಕ್ಕೆ ನೆಲ ಮುಳುಗಿಸಿದರು. ನಡೆದು ದಾಟಲಾಗದಷ್ಟು ಆಳ, ದೋಣಿ ಹೋಗದಷ್ಟು ತೆಳು. ಪಟ್ಟಣಗಳು ಉಳಿದವು. ಮುಳುಗಿದ್ದು ರೈತರ ಹೊಲ. ಎಷ್ಟೋ ಕಡೆ ರೈತರು ಇದಕ್ಕೆ ಅಡ್ಡ ನಿಂತರು, ನಿಲ್ಲದೇ ಏನು ಮಾಡುತ್ತಾರೆ? ಡಿಸೆಂಬರ್ ಕೊನೆಯಲ್ಲಿ ಆ ನೀರು ಹೆಪ್ಪುಗಟ್ಟಿತು. ಫ್ರೆಂಚರ ಒಂದು ದಂಡು ಮಂಜುಗಡ್ಡೆಯ ಮೇಲೆ ನಡೆದೇ ಒಳಗೆ ಬಂತು. ಅಷ್ಟರಲ್ಲಿ ಗಡ್ಡೆ ಕರಗತೊಡಗಿತು. ಮುಂದೆ ಹೋಗಲಾಗದೆ ಹಿಂದಕ್ಕೆ ತಿರುಗುವಾಗ ಬೋಡೆಖ್ರಾವನ್ ಮತ್ತು ಸ್ವಾಮರ್‌ಡಾಮ್ ಅನ್ನುವ ಎರಡು ಹಳ್ಳಿಗಳನ್ನು ಸುಟ್ಟು ಹಾಕಿದರು. ಬೋಡೆಖ್ರಾವನ್ ಹಾರ್ಲೆಮ್‌ನಿಂದ ನೇರ ಅಳೆದರೆ ಹೆಚ್ಚುಕಡಿಮೆ 35 ಕಿ.ಮೀ. ದೂರ.

ಓಸ್ಟಾಡೆಗೆ ಆಗ 61 ವರ್ಷ. ಡಚ್ ಕಲಾವಿದರ ಜೀವನ ಬರೆದಿಟ್ಟ ಹೌಬ್ರಾಕನ್ ಹೇಳುವ ಪ್ರಕಾರ, ಅವನು ಹೆದರಿ ಸಾಮಾನೆಲ್ಲ ಮಾರಿ, ಜರ್ಮನಿಯ ಲ್ಯೂಬೆಕ್‌ಗೆ ಹೋಗಲು ಹೊರಟ. ದಾರಿಯಲ್ಲಿ ಆಮ್‌ಸ್ಟರ್‌ಡಾಮ್ ತಲುಪಿದಾಗ ಸೆನೆಪಾರ್ಟ್ ಅನ್ನುವ ಕಲಾಪ್ರೇಮಿ ತನ್ನ ಮನೆಯಲ್ಲೇ ಉಳಿಸಿಕೊಂಡ. ಅಲ್ಲಿ ಕೂತು ಈ ಬಣ್ಣದ ಚಿತ್ರಗಳನ್ನು ಮಾಡಿದ. ಆಮೇಲೆ ಯೋನಾಸ್ ವಿಟ್ಸನ್ ಅನ್ನುವವನು ಅವನ್ನು ಇನ್ನೊಬ್ಬ ಕಲಾವಿದನ ಚಿತ್ರಗಳ ಜೊತೆ ಸೇರಿಸಿ, ಆಗಿನ ಡಚ್ ಹಣದಲ್ಲಿ 1300 ಗಿಲ್ಡರ್‌ಗೆ ಕೊಂಡನಂತೆ. ಹೌಬ್ರಾಕನ್ ಇದನ್ನು ಬರೆದದ್ದು 40ಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಕತೆಯ ಪ್ರತಿಯೊಂದು ಎಳೆಯನ್ನೂ ಹಿಡಿದು ಕೂರಬೇಕಿಲ್ಲ. ಆದರೆ ಚಿತ್ರಗಳ ಮೇಲಿನ ಇಸವಿ ಓಸ್ಟಾಡೆಯ ಕೈಯದೇ.

ಈಗ ನೀವು ನೋಡಿದ ಚಿತ್ರವನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳಿ. ಬಳ್ಳಿ, ಬಿಸಿಲು, ಪೈಪ್, ಮಗು. ಒಬ್ಬ ಸೈನಿಕನೂ ಇಲ್ಲ. ನೀರಲ್ಲಿ ನಿಂತ ಹೊಲ ಇಲ್ಲ. ಹೊಗೆ ಬರುವುದು ಅಡುಗೆ ಒಲೆಯಿಂದ ಮಾತ್ರ. ಸುಟ್ಟ ಹಳ್ಳಿಗಳ ಚಿತ್ರವನ್ನು ಆಗ ಯಾರೂ ಮಾಡಲಿಲ್ಲ ಅಂತಲ್ಲ. ರೋಮೇನ್ ಡೆ ಹೋಖೆ ಅನ್ನುವವನು ಬೋಡೆಖ್ರಾವನ್‌ನಲ್ಲಿ ನಡೆದದ್ದನ್ನು ನೋಡಲಾಗದಷ್ಟು ಘೋರವಾಗಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸಿದ. ಆ ಅಚ್ಚುಗಳು ಕೈಯಿಂದ ಕೈಗೆ ಹೋದವು. ಓಸ್ಟಾಡೆಯ ಜಲವರ್ಣಗಳು ಹೋದದ್ದು ಶ್ರೀಮಂತರ ಸಂಗ್ರಹಕ್ಕೆ. ರಾತ್ರಿ ಊಟ ಆದ ಮೇಲೆ ದೀಪದ ಪಕ್ಕ ಕೂತು, ಹಾಳೆ ತಿರುವಿ, ಮುಖದ ಹತ್ತಿರ ಹಿಡಿದು ನೋಡುವ ಚಿತ್ರಗಳು ಇವು. ಅವರಿಗೆ ಬೇಕಾಗಿದ್ದ ಹಳ್ಳಿ ಇದು. ಅವನಿಗೂ ಬೇಕಾಗಿತ್ತು ಅಂತ ನನ್ನ ಅನಿಸಿಕೆ. 61ನೇ ವಯಸ್ಸಿನಲ್ಲಿ, ಊರು ಉಳಿಯುತ್ತದೋ ಇಲ್ಲವೋ ಅನ್ನುವ ಹೊತ್ತಿನಲ್ಲಿ, ಒಬ್ಬ ಮನುಷ್ಯ ದಿನಗಟ್ಟಲೆ ಕೂತು ಒಂದು ಬಾಗಿಲ ಮೇಲಿನ ಬಳ್ಳಿಗೆ ಎಲೆ ಎಲೆಯಾಗಿ ಬಣ್ಣ ಹಾಕುತ್ತಾನೆ. ಸುಮ್ನೆ ಕೂಲಿಗಾಗಿ ಮಾಡುವ ಕೆಲಸ ಹಾಗಿರುವುದಿಲ್ಲ.

ಇನ್ನೊಂದು ಮಾತನ್ನೂ ಗಮನಿಸಿ. ಈ ಚಿತ್ರಗಳಲ್ಲಿ ಯಾರೂ ಉಳುವುದಿಲ್ಲ, ಗೊಬ್ಬರ ಹೊರುವುದಿಲ್ಲ. ಹೊಲದ ಕೆಲಸ ಬಹಳ ಅಪರೂಪ. ಮನೆಗಳೂ ಬಿರುಕು ಬಿಟ್ಟು ಜೋತುಬಿದ್ದಿರುತ್ತವೆ. ಆದರೆ ಆ ಕಾಲದ ಹಾಲೆಂಡ್ ರೈತರೆಲ್ಲ ಬಡವರಲ್ಲ. ಬೆಣ್ಣೆ, ಚೀಸ್ ಮಾಡಿ ಪೇಟೆಗೆ ಕಳಿಸಿ ಕಾಸು ಕಂಡವರು ಎಷ್ಟೋ ಜನ. ಸತ್ತವರ ಮನೆಯ ಸಾಮಾನಿನ ಪಟ್ಟಿ ಮಾಡಿಡುವ ಪದ್ಧತಿ ಅಲ್ಲಿತ್ತು. ರೈತರ ಮನೆಗಳ ಪಟ್ಟಿಯಲ್ಲಿ ಬೆಳ್ಳಿ, ಕನ್ನಡಿ, ಒಳ್ಳೆಯ ಬಟ್ಟೆ ಎಲ್ಲ ಬರುತ್ತವೆ. ಓಸ್ಟಾಡೆಯ ಗುಡಿಸಲಲ್ಲಿ ಅವು ಕಾಣುವುದಿಲ್ಲ. ಪಟ್ಟಣದ ಕೊಳ್ಳುಗನಿಗೆ ಹಳ್ಳಿ ಅಂದರೆ ಹಳತಾಗಿ, ಮಾಸಿ, ಆರಾಮವಾಗಿ ಇರಬೇಕು. ಇವತ್ತು ನಮ್ಮ ಸಿನಿಮಾಗಳಲ್ಲಿ ಬರುವ ಹಳ್ಳಿಯೂ ಹೀಗೇ ಅಲ್ವಾ?

ವಿಕಾರ ಮುಖಗಳಿಗೂ ಇದೇ ಬೇರು. ಹರೆಯದಲ್ಲಿ, 1630ರ ದಶಕದಲ್ಲಿ, ಓಸ್ಟಾಡೆ ಬರೆದ ಹಳ್ಳಿಗರು ಕುಡಿದು ಬಡಿದಾಡುವವರು. ಕತ್ತಲೆ ಕೊಟ್ಟಿಗೆ, ಉರುಳಿದ ಪೀಪಾಯಿ, ಚಾಕು ಹಿಡಿದ ಕೈ. ಆಗ ಹಾರ್ಲೆಮ್‌ನಲ್ಲಿ ಕೆಲಸ ಮಾಡಿದ್ದ ಆಡ್ರಿಯಾನ್ ಬ್ರೌವರ್ ಅನ್ನುವ ಕಲಾವಿದನ ಪ್ರಭಾವ ಅದು. ರೈತನನ್ನು ನೋಡಿ ಪಟ್ಟಣದವನು ನಗಲಿ ಅನ್ನುವುದು ಅದರಲ್ಲಿ ಖಂಡಿತ ಇತ್ತು. ವಯಸ್ಸಾದಂತೆ ಜಗಳ ಹೋಯಿತು. ಬೆಳಕು ಬಂತು. ಮಕ್ಕಳು ಬಂದರು. ಆದರೆ ಗುಂಡು ಮೂಗು, ಗಿಡ್ಡ ಕಾಲು, ಬಾಗಿದ ಬೆನ್ನು ಕೈಗೆ ಅಭ್ಯಾಸವಾಗಿ ಉಳಿದವು. ನನಗೆ ಆ ಮುದುಕರ ಮುಖದಲ್ಲಿ ಗೇಲಿ ಕಾಣುವುದಿಲ್ಲ. ಪರಿಣತರಲ್ಲಿ ಇದರ ಬಗ್ಗೆ ಜಗಳವೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಮಗುವಿನ ಬಾಯಿಗೆ ಚಮಚ ಹಿಡಿದ ಅಪ್ಪನನ್ನು ಅಷ್ಟು ಗಮನವಿಟ್ಟು ಬರೆಯುವ ಕೈ ನಗಿಸಲಿಕ್ಕೆ ಹೊರಟದ್ದಲ್ಲ.

ಇನ್ನು ನಂಬಬಹುದಾದ ಸಾಮಾನಿನ ಮಾತು. ನನಗೆ ಅತಿ ಇಷ್ಟದ ಭಾಗ ಇದು.

ಬಾಗಿಲನ್ನು ನೋಡಿ. ಅದು ಅಡ್ಡಕ್ಕೆ ಎರಡಾಗಿ ಸೀಳಿದ ಬಾಗಿಲು. ಕೆಳಗಿನ ಅರ್ಧ ಮುಚ್ಚಿದರೆ ಕೋಳಿ, ಹಂದಿ ಒಳಗೆ ಬರಲ್ಲ, ತೆವಳುವ ಮಗು ಹೊರಗೆ ಹೋಗಲ್ಲ. ಮೇಲಿನ ಅರ್ಧ ತೆಗೆದಿದ್ದರೆ ಗಾಳಿ ಬೆಳಕು ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಅದರ ಮೇಲೆ ಮೊಣಕೈ ಊರಿ ಬೀದಿ ನೋಡುತ್ತ ನಿಲ್ಲಬಹುದು. ಓಸ್ಟಾಡೆ ಜನರನ್ನು ಹಾಗೆ ನಿಲ್ಲಿಸಿದ್ದು ಒಂದೆರಡು ಸಲವಲ್ಲ.

ಮುದುಕನ ಪೈಪ್ ಬಿಳಿ ಜೇಡಿಮಣ್ಣಿನದು. ತಂಬಾಕು ತುಂಬುವ ಬಟ್ಟಲು ಎಷ್ಟು ಸಣ್ಣದು ನೋಡಿ. ತಂಬಾಕು ಆಗ ದುಬಾರಿ. ಅದು ಅಗ್ಗವಾದಂತೆ ಬಟ್ಟಲೂ ದೊಡ್ಡದಾಗುತ್ತ ಹೋಯಿತು. ಇವತ್ತು ನೆಲ ಅಗೆಯುವ ಪುರಾತತ್ವದವರು ಪೈಪಿನ ಚೂರು ಸಿಕ್ಕರೆ ಬಟ್ಟಲಿನ ಅಳತೆ, ಆಕಾರ ನೋಡಿ ಕಾಲ ಹೇಳುತ್ತಾರೆ. ಈ ಪೈಪ್ ಮಾಡುವುದಕ್ಕೆ ಹೆಸರಾದ ಊರು ಖೌಡಾ. ಹೌದು, ಅದೇ ಚೀಸ್‌ನ ಊರು. ಮಣ್ಣಿನ ಪೈಪ್ ಬೇಗ ಮುರಿಯುತ್ತಿತ್ತು, ಅದಕ್ಕೇ ಇಂಥ ಚಿತ್ರಗಳಲ್ಲಿ ನೆಲದ ಮೇಲೆ ಎಷ್ಟೋ ಸಲ ಪೈಪಿನ ತುಂಡು ಬಿದ್ದಿರುತ್ತದೆ. ಮುಂದಿನ ಸಲ ಹುಡುಕಿ.

ಹೆಂಗಸಿನ ಕಾಲ ಕೆಳಗೆ ತೂತು ತೂತಾದ ಮರದ ಪೆಟ್ಟಿಗೆ ಕಂಡರೆ ಅದು ಸ್ತೋಫ್. ಒಳಗೆ ಮಣ್ಣಿನ ಬಟ್ಟಲಲ್ಲಿ ಕೆಂಡ. ಮಲೆನಾಡಿನ ಅಗ್ಗಿಷ್ಟಿಕೆಯ ತಂಗಿ ಅನ್ನಿ, ಆದರೆ ಕಾಲಿಗೆ ಮಾತ್ರ. ಮೇಲೆ ಕಾಲಿಟ್ಟು ಲಂಗ ಹೊದ್ದರೆ ಬಿಸಿ ಒಳಗೇ ನಿಲ್ಲುತ್ತದೆ. ಕೆಂಡ ಸೌದೆಯದಲ್ಲ, ಟರ್ಫ್‌ನದು. ಜೌಗು ನೆಲದಲ್ಲಿ ಕೊಳೆತ ಗಿಡಗಂಟಿಯ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದ ಉರುವಲು. ಅದನ್ನು ತೋಡಿ ತೋಡಿ ತೆಗೆದ ಜಾಗಗಳು ಕೆರೆಗಳಾಗಿವೆ. ಈಗ ಅಲ್ಲಿ ಹಾಯಿದೋಣಿ ಬಿಡುತ್ತಾರೆ.

ಮಗುವಿನ ತಲೆಗೆ ದಪ್ಪ ಸಿಂಬಿಯಂಥ ಟೋಪಿ ಇತ್ತಾ? ನಡೆಯಲು ಕಲಿಯುವ ಮಕ್ಕಳಿಗೆ ಹಾಕುತ್ತಿದ್ದರು, ಬಿದ್ದರೆ ತಲೆಗೆ ಪೆಟ್ಟಾಗದಿರಲಿ ಅಂತ.

ನೂಲುವ ರಾಟೆ ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಹಾರ್ಲೆಮ್ ನಾರುಬಟ್ಟೆಗೆ, ಅದನ್ನು ಬಿಳಿಚಿಸುವ ಮೈದಾನಗಳಿಗೆ ಹೆಸರಾದ ಊರು. ಓಸ್ಟಾಡೆ ನೇಕಾರನ ಮಗ. 1652ರಲ್ಲಿ ಅವನು ಬಾಗಿಲಲ್ಲಿ ಕೂತು ನೂಲುವ ಹೆಂಗಸಿನ ಒಂದು ಅಚ್ಚು ಚಿತ್ರ ಮಾಡಿದ್ದಾನೆ. ಮುಖಕ್ಕೆ ನಾಲ್ಕೇ ಗೀರು. ಕೆಲಸದ ಕೈಗೆ ಮಾತ್ರ ಪೂರ್ತಿ ನಿಗಾ. ಮನೆಯಲ್ಲಿ ನೂಲು ನೋಡಿ ಬೆಳೆದವನ ಕಣ್ಣು ಅದು.

ಚಿತ್ರ ಬಿಡಿಸಿದ ರೀತಿಯೂ ಕಾಣುತ್ತದೆ, ಹತ್ತಿರ ಹೋದರೆ. ಮೊದಲು ತೆಳು ಗೆರೆಯ ಕರಡು, ಆಮೇಲೆ ಕಂದು ಶಾಯಿಯ ಲೇಖನಿ, ಆಮೇಲೆ ನೀರು ಬಣ್ಣದ ಪದರಗಳು, ಕೊನೆಗೆ ಅಲ್ಲಲ್ಲಿ ದಪ್ಪ ಬಣ್ಣದ ಚುಕ್ಕೆ. ಹಳೆಯ ಜಲವರ್ಣಗಳಲ್ಲಿ ಬಿಳಿ ಕಾಲರ್ ಮೇಲೆ ಕಪ್ಪು ಕಲೆ ಕಂಡರೆ ಕೊಳೆ ಅಂದುಕೊಳ್ಳಬೇಡಿ. ಅದು ಬಿಳಿ ಬಣ್ಣವೇ. ಸೀಸದಿಂದ ಮಾಡಿದ ಬಿಳಿ, ಗಾಳಿಯಲ್ಲಿನ ಗಂಧಕ ತಾಕಿ ಕಪ್ಪಾಗುತ್ತದೆ. ಅದನ್ನು ಬಲ್ಲವರು ಮತ್ತೆ ಬೆಳ್ಳಗೆ ಮಾಡಬಲ್ಲರು. ಹಾರಿಹೋದ ಹಳದಿಯನ್ನು ಮಾತ್ರ ಯಾರೂ ತರಲಾರರು.

ಇನ್ನು ನಿಮ್ಮ 40 ಯೂರೋ ಚಿತ್ರ. ನೇರವಾಗಿ ಹೇಳುತ್ತೇನೆ: ಓಸ್ಟಾಡೆಯ ಕೈಯದಾಗಿರುವ ಸಾಧ್ಯತೆ ಬಹಳ ಕಡಿಮೆ. ಅವನ ಕಾಲದಿಂದಲೇ ಇವನ್ನು ನಕಲು ಮಾಡುತ್ತಿದ್ದರು. ಅವನ ಶಿಷ್ಯ ಕಾರ್ನೆಲಿಸ್ ಡುಸಾರ್ಟ್ ಇದೇ ಶೈಲಿಯಲ್ಲಿ ಬರೆದ. 18ನೇ ಶತಮಾನದಲ್ಲಿ ಪ್ಲೋಸ್ ವಾನ್ ಆಮ್‌ಸ್ಟೆಲ್ ಅನ್ನುವ ಸಂಗ್ರಹಕಾರ ಹಳೆಯ ಬಣ್ಣದ ಚಿತ್ರಗಳನ್ನು ಮೂಲದಂತೆಯೇ ಕಾಣುವ ಹಾಗೆ ಅಚ್ಚು ಹಾಕಿಸಿದ. ಅವು ಈಗಲೂ ಜನರನ್ನು ಏಮಾರಿಸುತ್ತವೆ. ನಿಮ್ಮದು ಅಂಥದ್ದಾಗಿದ್ದರೂ 40 ಯೂರೋಗೆ ಒಳ್ಳೆಯ ವ್ಯಾಪಾರವೇ.

ಹೀಗೆ ನೋಡಿ. ಒಂದು ಭೂತಗನ್ನಡಿ ತಗೊಳ್ಳಿ. ಬಣ್ಣದಲ್ಲಿ ಸಾಲು ಸಾಲು ಚುಕ್ಕೆ ಕಂಡರೆ ಅದು ಹತ್ತಿರದ ಕಾಲದ ಯಂತ್ರದ ಅಚ್ಚು, ಮಾತು ಮುಗಿಯಿತು. ಚುಕ್ಕೆ ಇಲ್ಲದಿದ್ದರೆ ಫ್ರೇಮಿನಿಂದ ತೆಗೆದು ಬೆಳಕಿಗೆ ಅಡ್ಡ ಹಿಡಿಯಿರಿ. ಆ ಕಾಲದ ಕಾಗದವನ್ನು ತಂತಿಯ ಜರಡಿಯಲ್ಲಿ ಕೈಯಿಂದ ಎತ್ತುತ್ತಿದ್ದರು. ಹಾಗಾಗಿ ಸಣ್ಣ ಗೆರೆಗಳು ಒತ್ತಾಗಿ, ಅವಕ್ಕೆ ಅಡ್ಡಲಾಗಿ ಎರಡು ಮೂರು ಸೆಂಟಿಮೀಟರಿಗೊಂದು ದಪ್ಪ ಗೆರೆ ಕಾಣಬೇಕು. ಗೆರೆಯೇ ಇಲ್ಲದ ನುಣುಪು ಕಾಗದ ಯೂರೋಪಿನಲ್ಲಿ ಬಂದದ್ದು 1750ರ ದಶಕದಲ್ಲಿ. ಹಾಗಿದ್ದರೆ ಅದು ಓಸ್ಟಾಡೆ ಆಗಲು ಸಾಧ್ಯವೇ ಇಲ್ಲ. ಗೆರೆ ಇದ್ದ ಮಾತ್ರಕ್ಕೆ ಅಸಲಿಯೂ ಅಲ್ಲ, ಹಳೇ ಕಾಗದ ಹುಡುಕಿ ನಕಲು ಮಾಡಿದವರಿದ್ದಾರೆ. ಹಿಂಬದಿಯಲ್ಲಿ ಸಣ್ಣ ಮುದ್ರೆ ಇದ್ದರೆ ಅದು ಹಿಂದಿನ ಮಾಲೀಕರ ಗುರುತು. ಫ್ರಿಟ್ಸ್ ಲುಗ್ಟ್ ಅನ್ನುವವರು 1921ರಲ್ಲಿ ಇಂಥ ಮುದ್ರೆಗಳನ್ನೆಲ್ಲ ಸೇರಿಸಿ ಪಟ್ಟಿ ಮಾಡಿದರು. ಈಗ ಅದು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ಹೇಗ್‌ನಲ್ಲಿರುವ ಆರ್‌ಕೆಡಿ ಅನ್ನುವ ಕಲಾ ಇತಿಹಾಸ ಸಂಸ್ಥೆಯ ಚಿತ್ರಕೋಶದಲ್ಲಿ ಓಸ್ಟಾಡೆ ಅಂತ ಹುಡುಕಿದರೆ ನಿಮ್ಮ ಚಿತ್ರದ ಮೂಲವೇ ಸಿಕ್ಕರೂ ಸಿಗಬಹುದು.

ಏನೇ ಆಗಲಿ, ಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಲೇಬೇಡಿ. ಕಿಟಕಿ ಎದುರು ಬೇಡ, ಒಲೆ ಇರುವ ಗೋಡೆಯೂ ಬೇಡ. ಮನೆಯ ಒಳಗಿನ ಕತ್ತಲು ಓಣಿ ಅದಕ್ಕೆ ಒಳ್ಳೆಯ ಜಾಗ. ಗಾಜಿಗೂ ಕಾಗದಕ್ಕೂ ನಡುವೆ ಆಮ್ಲವಿಲ್ಲದ ರಟ್ಟು ಇರಲಿ.

ಅಮ್ಮ ಮತ್ತೆ ಬರುವುದಾದರೆ ಒಂದು ದಾರಿ ಇದೆ. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಕಾಗದದ ಚಿತ್ರಗಳಿಗೆಂದೇ ಓದುವ ಕೋಣೆ ಇದೆ. ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡು ಹೋದರೆ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಗಾಜು ಅಡ್ಡ ಇರುವುದಿಲ್ಲ. ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂಗೂ ಬರೆದು ಕೇಳಿ, 1784ರಿಂದ ತೆರೆದಿರುವ ಹಳೆಯ ಮನೆ ಅದು, ಡಚ್ ಚಿತ್ರಗಳ ದೊಡ್ಡ ಸಂಗ್ರಹ ಅವರಲ್ಲಿದೆ. ಇಬ್ಬರೂ ಕೈ ತೊಳೆದು, ಒರೆಸಿಕೊಂಡು ಹೋಗಿ. ಬರೆಯಲು ಪೆನ್ಸಿಲ್ ಮಾತ್ರ.

ನಿಮ್ಮ ಚಿತ್ರದ ಹಿಂಬದಿಯದೊಂದು ಫೋಟೋ, ಬೆಳಕಿಗೆ ಹಿಡಿದದ್ದೊಂದು ಫೋಟೋ ಕಳಿಸಿ. ರಟ್ಟಿನ ಅಡಿಯ ಅಂಚನ್ನು ಮರೆಯದೆ ನೋಡಿ, ಅಲ್ಲಿ ಎಲೆಯ ಬಣ್ಣ ಏನಿದೆ ಅಂತ ಬರೆಯಿರಿ.